ಹಿಟ್ಟಿನ ಗುಳಿಗಿ

ಇವತ್ತು ಬೆಳಿಗ್ಗೆ ಸೇಡಂನಿಂದ ಆಡಕಿಗೆ ಹೊರಟ ಬಸ್ಸು ಹೊಂಡಕ್ಕಿಳಿದಾಗಲೆಲ್ಲ ನನ್ನ ತೊಡೆಯ ಮೇಲಿದ್ದ ಚೀಲ ಗಲಗಲ ಸದ್ದು ಮಾಡುತ್ತಿತ್ತು. ಒಳಗಿದ್ದವು ಗುಳಿಗೆಯ ಡಬ್ಬಿಗಳು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಡೆಯಲಾರದೆ ಕೇಳಿಯೇಬಿಟ್ಟಳು: ‘ಏನವ್ವಾ, ಗಿಲಕಿ ಮಾರಾಕ ಹೊಂಟೀಯೇನು?’

ನಗಬೇಕಿತ್ತು. ನಗು ಬರಲಿಲ್ಲ. ಆಡಕಿಯ ಒಂದು ಮನೆಗೆ ಒಂದು ಸುದ್ದಿ ಮುಟ್ಟಿಸಬೇಕಿತ್ತು. ಅದನ್ನು ಹೇಗೆ ಹೇಳುವುದೆಂದು ಡೈರಿಯಲ್ಲಿ ಹಲವು ಬಗೆಯಾಗಿ ಬರೆದು, ಎಲ್ಲವನ್ನೂ ಹೊಡೆದುಹಾಕಿದ್ದೆ.

ಡೈರಿ ಬರೆಯುವುದು ನನಗೆ ಶಾಲೆಯಿಂದಲೂ ಇರುವ ಚಟ. ಬಸ್ಸು ಎಷ್ಟು ತಡವಾಯಿತು, ಎಷ್ಟು ಕಪ್ ಚಹಾ ಆಯಿತು, ಯಾವ ಓಣಿಯ ನಾಯಿ ಎಷ್ಟು ಸಲ ಬೆನ್ನಟ್ಟಿತು, ಎಲ್ಲಕ್ಕೂ ತಾರೀಖು, ಎಲ್ಲಕ್ಕೂ ಗೀಟು. ‘ಈಕಿನ್ನ ಮಾಡ್ಕೊಂಡಾಂವ ದಿನಾ ಹಾಜರಿ ಹಾಕಿಸ್ಕೋಬೇಕಾಗ್ತದ ನೋಡು’ ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. ಆದರೆ ನನಗೆ ಕೆಲಸ ಕೊಡಿಸಿದ್ದು ಈ ಚಟವೇ. ‘ಬರದಿಡೋರು ಬೇಕಾಗ್ಯಾರ ನನಗ, ಬುದ್ಧಿವಂತರಲ್ಲ’ ಎಂದು ವಿಮಲಾ ಮೇಡಂ ನನ್ನನ್ನು ಸೇರಿಸಿಕೊಂಡಿದ್ದರು. ಅದು ಹೊಗಳಿಕೆಯೇ ಎಂದು ಆ ದಿನ ಬರೆದಿಟ್ಟಿದ್ದೇನೆ.

ಮೇಡಂ ಶಹಾಬಾದದವರು. ಅವರಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಡೆ ದಿನವೆಲ್ಲ ನೀರಿನಲ್ಲಿ ನಿಂತು ದುಡಿಯುತ್ತಿದ್ದರಂತೆ. ಸಕ್ಕರೆ ಕಾಯಿಲೆಯಿಂದ ಪಾದಗಳಿಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಕಲ್ಲಿನ ಚೂರು ಅಂಗಾಲಿಗೆ ಹೊಕ್ಕದ್ದು ಅವರಿಗೆ ತಿಳಿದದ್ದು ಕಾಲ ಕೆಳಗಿನ ನೀರು ಕೆಂಪಾದ ಮೇಲೆ. ಮಗಳು ಓದಿ ವಿಜ್ಞಾನಿಯಾದರು. ರಕ್ತದ ಸಕ್ಕರೆಯನ್ನೂ ಯಕೃತ್ತಿನ ಕೊಬ್ಬನ್ನೂ ಒಟ್ಟಿಗೆ ಇಳಿಸಬಹುದಾದ ಒಂದು ಗುಳಿಗೆಯನ್ನು ವರ್ಷಗಟ್ಟಲೆ ಇಲಿಗಳ ಮೇಲೆ, ಆಮೇಲೆ ನಗರದ ರೋಗಿಗಳ ಮೇಲೆ ಪರೀಕ್ಷಿಸಿದರು. ಜೋಳದ ರೊಟ್ಟಿ ಉಂಡು ತೊಗರಿ ಹೊಲದಲ್ಲಿ ದುಡಿಯುವ ಮೈಗೆ ಅದು ಹಿಡಿಸುತ್ತದೆಯೇ ಎಂದು ನೋಡಲು ಕೊನೆಗೆ ನಮ್ಮ ಸೀಮೆಗೇ ಬಂದರು. ಸೇಡಂನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದರು. ಸಿಮೆಂಟಿನ ಧೂಳು ಕಿಟಕಿಯ ಮೇಲೆ ಕೂರುತ್ತಿತ್ತು. ಮೇಡಂ ಎಲ್ಲೂ ಕೂರುತ್ತಿರಲಿಲ್ಲ. ಚಹಾ ಕುಡಿಯುವುದೂ ಓಡಾಡುತ್ತಲೇ.

ಪ್ರಯೋಗದ ಪದ್ಧತಿ ಸರಳ. ಯಾರೂ ತಮ್ಮ ಮಾಮೂಲು ಔಷಧ ಬಿಡುವಂತಿಲ್ಲ. ಅದರ ಜೊತೆಗೆ ಅರ್ಧ ಜನಕ್ಕೆ ಹೊಸ ಗುಳಿಗೆ, ಉಳಿದ ಅರ್ಧಕ್ಕೆ ಅದರಂತೆಯೇ ಕಾಣುವ, ಔಷಧವೇ ಇಲ್ಲದ ಗುಳಿಗೆ. ಯಾರ ಡಬ್ಬಿಯಲ್ಲಿ ಯಾವುದಿದೆ ಎಂಬುದು ನುಂಗುವವರಿಗೂ ಗೊತ್ತಿಲ್ಲ, ಕೊಡುವ ನಮಗೂ ಗೊತ್ತಿಲ್ಲ. ಆ ಗುಟ್ಟು ದೂರದ ಊರಿನ ಕಂಪ್ಯೂಟರಿನಲ್ಲಿ. ಇದನ್ನು ನಾನು ಮನೆಮನೆಗೆ ಹೋಗಿ ಬಿಡಿಸಿ ಹೇಳಿ ಒಪ್ಪಿಗೆ ಪಡೆದೆ. ಜನ ಕೇಳಿ ತಲೆಯಾಡಿಸಿದರು, ಎರಡನೆಯದಕ್ಕೆ ‘ಹಿಟ್ಟಿನ ಗುಳಿಗಿ’ ಎಂದು ತಾವೇ ಹೆಸರಿಟ್ಟರು.

ಆಡಕಿಯ ಆ ಮನೆಯಲ್ಲಿ ಶರಣಮ್ಮ, ಕಾಶಮ್ಮ ಎಂಬ ನೆಗೆಣ್ಣಿಯರು. ಅಣ್ಣತಮ್ಮಂದಿರ ಹೆಂಡಂದಿರು, ಒಂದೇ ಒಲೆ, ಇಬ್ಬರಿಗೂ ಸಕ್ಕರೆ ಕಾಯಿಲೆ. ಹಾಗಾಗಿ ಇಬ್ಬರಿಗೂ ಒಂದೊಂದು ಡಬ್ಬಿ. ಜಗಳಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಮನೆಗೆ ಏನೇ ಬರಲಿ, ಪಾಲು ಸಮ. ಒಂದೇ ಮಾವಿನಹಣ್ಣು ಬಂದರೆ ಗೊರಟೆ ಚೀಪುವುದಕ್ಕೂ ಪಾಳಿ. ತಿಂಗಳಿಗೊಮ್ಮೆ ಹೋಗಿ ನಾನು ಉಳಿದ ಗುಳಿಗೆ ಎಣಿಸುತ್ತಿದ್ದೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಡೈರಿಯಲ್ಲಿ ಆ ಮನೆಗೊಂದು ನಕ್ಷತ್ರ ಹಾಕಿ, ಮೇಡಂ ಮುಂದೆ ಜಂಬವನ್ನೂ ಕೊಚ್ಚಿಕೊಂಡಿದ್ದೆ.

ಶ್ರಾವಣದ ಎರಡನೇ ಮಂಗಳವಾರ, ಬೇರೆ ಊರಿನ ಬಸ್ಸು ತಪ್ಪಿ, ಸುಮ್ಮನಿರಲಾರದೆ ಆಡಕಿಗೆ ಹೋದೆ. ನಾನು ಬರುವ ದಿನವಲ್ಲ ಅದು. ಕಟ್ಟೆಯ ಮೇಲೆ ಶರಣಮ್ಮ ಎರಡೂ ಡಬ್ಬಿ ಕೇರುವ ಮೊರದೊಳಗೆ ಸುರುವಿಕೊಂಡು, ಬೇಳೆಯಲ್ಲಿ ಹರಳು ಆರಿಸುವವಳಂತೆ ಕೂತಿದ್ದಳು.

‘ದೊಡ್ಡವ್ವಾ, ಇದೇನು ಮಾಡಾಕತ್ತೀರಿ?’

‘ಪಾಲು ಮಾಡಾಕತ್ತೀನಿ. ಕಾಣವಲ್ದೇನು?’

‘ನಿಮಗೊಂದು, ಸಣ್ಣವ್ವಗೊಂದು ಡಬ್ಬಿ ಬ್ಯಾರೆ ಬ್ಯಾರೆ ಕೊಟ್ಟೀವಲ್ರೀ!’

‘ಕೊಟ್ಟೀರಿ. ಒಂದರಾಗ ಔಷಧ, ಒಂದರಾಗ ಹಿಟ್ಟು ಅಂತ ನೀನೇ ಹೇಳಿದಿ. ಒಬ್ಬಾಕಿ ಬಾಯಾಗ ಔಷಧ, ಇನ್ನೊಬ್ಬಾಕಿ ಬಾಯಾಗ ಹಿಟ್ಟು ಹಾಕಿ ನಾ ಮನಿ ಹೆಂಗ ನಡಸ್ಲಿ? ಕಲಸಿ ಹಂಚಿದ್ರ ಇಬ್ಬರಿಗೂ ಅರ್ಧರ ಸಿಗ್ತದ.’

ಎರಡೂ ಔಷಧವೇ ಇರಬಹುದು, ಎರಡೂ ಹಿಟ್ಟೇ ಇರಬಹುದು ಎಂದು ನಾನು ಹೇಳಹೊರಟರೆ ಕಾಶಮ್ಮ ಒಳಗಿನಿಂದ ಕೂಗಿದಳು: ‘ನಮ್ಮಕ್ಕ ಭಾಳ ಪಾಪಕ್ಕ ಅಂಜತಾಳ. ಮೊನ್ನಿ ಪಾಲು ಮಾಡಿದ ಮ್ಯಾಲ ಒಂದು ಉಳದಿತ್ತು, ಹಲ್ಲಿಲೆ ಕಡದು ಎರಡು ಮಾಡ್ಯಾಳ!’

ಅವತ್ತೇ ಸೇಡಂಗೆ ಮರಳಿ ಮೇಡಂಗೆ ಹೇಳಿದೆ. ‘ಇಲಿಗೋಳು ಪಕ್ಕದ ಪಂಜರಕ್ಕ ಹಂಚ್ತಿದ್ದಿಲ್ಲ ನೋಡು’ ಎಂದು ಅವರು ಜೋರಾಗಿ ನಕ್ಕರು. ನಗು ಅಲ್ಲೇ ನಿಂತಿತು. ‘ಇಬ್ಬಿಬ್ಬರು ಇದ್ದ ಮನಿ ಇನ್ನ ಎಷ್ಟು ಅದಾವ?’

ಆ ವಾರವೆಲ್ಲ ಇಬ್ಬರೂ ತಿರುಗಿದೆವು. ಅತ್ತೆಸೊಸೆ, ಅಣ್ಣತಮ್ಮ, ಗಂಡಹೆಂಡತಿ, ಹೆಚ್ಚುಕಡಿಮೆ ಎಲ್ಲರೂ ಕಲಸಿ ತಿಂದಿದ್ದರು. ಚಿಂಚೋಳಿ ಕಡೆಯ ಒಂದು ಮನೆಯಲ್ಲಿ ಗೆಳತಿಗೂ ಪಾಲು ಹೋಗಿತ್ತು: ‘ಆಕಿ ಎದುರಿಗೇ ಕುಂತಿದ್ಲು. ಆಕಿನ್ನ ಬಿಟ್ಟು ಹೆಂಗ ತಿನ್ನೂದ್ರಿ?’

ತಿಂಗಳುಗಟ್ಟಲೆ ಮಾಡಿದ್ದು ನೀರುಪಾಲು. ಮೇಡಂ ಆದದ್ದನ್ನೆಲ್ಲ ಮೇಲಿನವರಿಗೆ ಬರೆದರು. ಮನೆಗೊಬ್ಬರನ್ನೇ ಆರಿಸಿದರೆ ಹೇಗೆಂದು ನಾನು ಕೇಳಿದೆ. ಅವರು ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತ, ‘ಒಬ್ಬಾಕಿಗೆ ಕೊಟ್ರೂ ಹಂಚ್ತಾರ. ಮನಿ ಒಡದು ಔಷಧ ಕೊಡಾಕ ಬರಂಗಿಲ್ಲ ಇಲ್ಲಿ. ಮನಿಗೇ ಚೀಟಿ ಎತ್ತೂಣು. ಒಂದು ಮನಿ ಪೂರಾ ಔಷಧ, ಇನ್ನೊಂದು ಮನಿ ಪೂರಾ ಹಿಟ್ಟು’ ಎಂದರು. ಹಾಗೆ ಮಾಡಲು ಇನ್ನಷ್ಟು ಮನೆ ಬೇಕು, ಇನ್ನೊಂದು ವರ್ಷ ಬೇಕು. ಮೊದಲಿನಿಂದ ಶುರು. ಶರಣಮ್ಮ ಮಾತ್ರ ಕೂಡಲೇ ಒಪ್ಪಿದಳು: ‘ಈಗ ನ್ಯಾಯ ಆತು.’

ಆ ವರ್ಷವೇ ಕಾಶಮ್ಮನ ಕಾಲಿಗೆ ಹೊಲದಲ್ಲಿ ಜೋಳದ ಕೂಳೆ ಚುಚ್ಚಿತು. ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಆಮೇಲೆ ಗುಳಿಗೆ ಎಣಿಸುವಾಗೆಲ್ಲ ನನ್ನ ಕಣ್ಣು ಆ ಪಟ್ಟಿ ಕಟ್ಟಿದ ಪಾದದ ಮೇಲೆ. ಈ ಡಬ್ಬಿಯಲ್ಲಿ ಏನಿದೆ? ಎಣಿಕೆ ತಪ್ಪುತ್ತಿತ್ತು, ಮತ್ತೆ ಎಣಿಸುತ್ತಿದ್ದೆ. ಒಮ್ಮೆ ಮೇಡಂಗೆ ಕೇಳಿಯೂಬಿಟ್ಟೆ: ಆ ಒಂದು ಮನೆಯದನ್ನು ತೆಗೆದು ನೋಡಬಾರದೇ? ಔಷಧವಿದ್ದರೂ ಇಲ್ಲದಿದ್ದರೂ ಗಾಯಕ್ಕೆ ಮಾಡುವ ಆರೈಕೆ ಅದೇ ಎಂದು ವೈದ್ಯರು ಹೇಳಿದ್ದರು. ನಡೆಯುತ್ತಿದ್ದ ಮೇಡಂ ನಿಂತರು. ‘ನನಗೂ ನೋಡಬೇಕನಸ್ತದ. ಅದಕ್ಕ ಅದನ್ನ ನನ್ನ ಹತ್ರ ಇಟ್ಟಿಲ್ಲ’ ಎಂದರು.

ಹೋದ ವಾರ ಗುಟ್ಟು ಬಿಚ್ಚಿತು. ಔಷಧ ಸಿಕ್ಕ ಮನೆಗಳಲ್ಲಿ ಸ್ವಲ್ಪ ಗುಣ ಕಂಡಿದೆ. ‘ಸ್ವಲ್ಪ’ ಎಂದು ಮೇಡಂ ಎರಡು ಸಲ ಹೇಳಿದರು, ಮೊದಲ ಸಲ ಖುಷಿಯಿಂದ. ಔಷಧ ಸಿಗದ ಮನೆಗಳಿಗೆ ಈಗ ಅದನ್ನು ಕೊಡುವುದೆಂದು ತೀರ್ಮಾನವಾಯಿತು. ನನ್ನ ಚೀಲದಲ್ಲಿದ್ದದ್ದು ಅದೇ.

ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಕಾಶಮ್ಮ ಹೊಸ್ತಿಲ ಹತ್ತಿರ ಕಾಲು ಚಾಚಿ ಕೂತಿದ್ದಳು. ಬರೆದದ್ದು ಯಾವುದೂ ನೆನಪಿಗೆ ಬರಲಿಲ್ಲ.

‘ನಿಮ್ಮ ಮನಿಗೆ ಬಂದಿದ್ದು ಹಿಟ್ಟೇ ಅಂತರಿ.’

ರೊಟ್ಟಿಯ ಸದ್ದು ನಿಂತಿತು. ಶರಣಮ್ಮ ನೆಗೆಣ್ಣಿಯ ಪಾದದ ಕಡೆ ನೋಡಿದಳು. ಕೇಳಿದ್ದು ಕಾಶಮ್ಮನೇ.

‘ಖರೇದು ತಿಂದಿದ್ರ ನನ್ನ ಬಟ್ಟು ಉಳೀತಿತ್ತೇನು?’

‘ಗೊತ್ತಿಲ್ಲರಿ, ಸಣ್ಣವ್ವಾ.’

‘ನಿಮ್ಮ ಮೇಡಂಗ?’

‘ಅವರಿಗೂ ಗೊತ್ತಿಲ್ಲರಿ.’

‘ಗೊತ್ತಿಲ್ಲ ಅಂತ ಹೇಳಾಕ ಬಸ್ ಹತ್ತಿ ಬಂದೀಯೇನು?’

‘ಹೂಂರಿ.’

ಅವಳು ನನ್ನನ್ನೇ ನೋಡಿದಳು. ‘ಛಲೋ ಮಾಡಿದಿ. ಫೋನ್‌ನ್ಯಾಗ ಹೇಳಿದ್ರ ಬೈತಿದ್ದೆ. ಕುಂದ್ರು.’ ಆಮೇಲೆ ಕೈಚಾಚಿದಳು. ‘ತಾ, ಖರೇದು ಹೆಂಗಿರ್ತದ ನೋಡ್ತೀನಿ.’

ಒಂದು ಗುಳಿಗೆ ಅವಳ ಅಂಗೈಗೆ ಹಾಕಿದೆ. ಅವಳು ಅದನ್ನು ನುಂಗಲಿಲ್ಲ. ನಾಲಿಗೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ರುಚಿ ನೋಡಿದಳು. ಒಲೆಯ ಮುಂದಿನಿಂದ ಶರಣಮ್ಮ, ಬಾಗಿಲಲ್ಲಿ ಕೂತಿದ್ದ ನಾನು, ಇಬ್ಬರೂ ಅವಳನ್ನೇ ನೋಡುತ್ತಿದ್ದೆವು.

‘ಹಿಟ್ಟಿನದರಂಗೇ ಅದ’ ಎಂದಳು ಕಾಶಮ್ಮ.

ನೀರು ತರಲು ನಾನೇ ಎದ್ದೆ.