ಎಡಗಡೆಯ ಪೈಡಲ್

ಗಾಳೆಪ್ಪನ ಬಾಯಲ್ಲಿ ಉಳಿದದ್ದು ಒಂದೇ ಮಾತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಅಲ್ಲಿಯತನಕ ಆಡಿದ ಮಾತು ಎಲ್ಲವೂ ಒಂದೇ ಬೆಳಗಿನಲ್ಲಿ ಹೋದಾಗ, ಅದೇಕೋ 'ಛಲೋ', ಅಂದರೆ ಚೆನ್ನಾಗಿದೆ, ಎಂಬುದೊಂದು ಮಾತ್ರ ನಾಲಗೆಗೆ ಸಿಕ್ಕಿಕೊಂಡು ಉಳಿಯಿತು. ಹಸಿದರೂ ಛಲೋ, ಹೊಟ್ಟೆ ತುಂಬಿದರೂ ಛಲೋ. ಮೈಮೇಲೆ ಬಿಸಿ ಚಹಾ ಚೆಲ್ಲಿದರೂ ಛಲೋ. ತಿಳಿವಳಿಕೆಯೆಲ್ಲ ಇದ್ದಲ್ಲೇ ಇದೆ, ಆಡುವ ದಾರಿಯಷ್ಟೇ ಮುಚ್ಚಿದೆ ಎಂದು ಕೊಪ್ಪಳದ ಡಾಕ್ಟರು ಅವನ ಹೆಂಡತಿ ನೇತ್ರಾವತಿಗೆ ಬಿಡಿಸಿ ಹೇಳಿದ್ದರು. ತಲೆ ಅಲ್ಲಾಡಿಸುವುದನ್ನೂ ನಂಬಬೇಡಿ, ಹೌದು ಅನ್ನುವಲ್ಲಿ ಇಲ್ಲ ಎಂದು ಅಲ್ಲಾಡೀತು ಎಂದೂ ಹೇಳಿದ್ದರು.

ಊರವರಿಗೆ ಇದೊಂದು ಮೋಜು. ಹೆಂಗದಿಯೋ ಗಾಳೆಪ್ಪ ಎಂದು ಬಾಗಿಲಲ್ಲಿ ನಿಂತು ಕೇಳುವುದು, ಛಲೋ ಎಂದು ಕೇಳಿಸಿಕೊಂಡು ನಗುತ್ತ ಹೋಗುವುದು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವನಿಗೆ ಲಕ್ವಾ ಹೊಡೆದಿರಲಿಕ್ಕಿಲ್ಲ. ಹೊಡೆದಿದ್ದರೆ ಬಂಗಾರವನ್ನೆಲ್ಲ ಕೊಟ್ಟು ಒಂದು ತೊಲೆ ಬೆಳ್ಳಿ ಕೊಡಿರೆಂದು ಬೇಡುತ್ತಿದ್ದ.

ಬೇವೂರಿನ ಕಡೆಯ ಒಣಭೂಮಿಯವನು ಈ ಗಾಳೆಪ್ಪ. ನಾಲ್ವರು ಅಣ್ಣತಮ್ಮಂದಿರಿಗೆ ಆ ಹೊಲ ಸಾಲದೆಂದು, ರಾಯಚೂರಿನಿಂದ ಒಡೆದು ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷವೇ, ಅಂದರೆ ತೊಂಬತ್ತೇಳರಲ್ಲಿ, ಹಿಟ್ನಾಳ ಕ್ರಾಸಿಗೆ ಬಂದು ನಾಲ್ಕು ತಗಡು ಹೊಡೆದು ಸೈಕಲ್ ರಿಪೇರಿ ಅಂಗಡಿ ಹಾಕಿದ. ಮನೆ ಮಾಡಿದ್ದು ಅಲ್ಲಿಂದ ಐದು ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಪಂಕ್ಚರ್ ತಿದ್ದುವಷ್ಟರಲ್ಲಿ ಗಿರಾಕಿಯ ಮೂರು ತಲೆಮಾರಿನ ಸುದ್ದಿ ತೆಗೆಯುತ್ತಿದ್ದ.

ಅವನದೊಂದು ಮಾತು ಕ್ರಾಸಿನಲ್ಲೆಲ್ಲ ಹೆಸರಾಗಿತ್ತು. ಸೈಕಲ್ಲಿನ ಬಲಗಡೆಯ ಪೈಡಲ್ಲನ್ನು ಎಲ್ಲ ನಟ್ಟಿನಂತೆ ಬಲಕ್ಕೆ ತಿರುಗಿಸಿ ಬಿಗಿಯಬೇಕು, ಎಡಗಡೆಯದನ್ನು ಮಾತ್ರ ಎಡಕ್ಕೆ ತಿರುಗಿಸಬೇಕು. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳಬಾರದೆಂದೇ ಅದರ ಥ್ರೆಡ್ಡನ್ನು ಉಲ್ಟಾ ಕೊರೆದಿರುತ್ತಾರೆ. ಇದು ತಿಳಿಯದೆ ಮನೆಯಲ್ಲೇ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಕೆಡಿಸಿಕೊಂಡು ಬಂದವರಿಗೆ ಗಾಳೆಪ್ಪ ಹೇಳುತ್ತಿದ್ದ: "ಎಡಕಿನ ಪೈಡಲ್ ಅಂದ್ರ ಮನಿ ಅಳಿಯ ಇದ್ದಂಗ್ರಿ. ಎಲ್ಲಾರೂ ಬಲಕ್ಕ ಹೊಂಟ್ರ ಅಂವ ಎಡಕ್ಕ ಹೊಕ್ಕಾನ. ಜೋರ್ ಮಾಡಬಾರ್ದು, ಅವನ ದಾರೀಲೇ ಹೋಗಬೇಕು."

ಮುಂದೆ ಎಂಟನೆಯ ಇಯತ್ತೆಯ ಮಕ್ಕಳಿಗೆ ಸರಕಾರ ಸೈಕಲ್ ಕೊಡತೊಡಗಿತು. ಅವು ಲಾರಿಯಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು. ಫ್ರೇಮಿನ ರಾಶಿ ಒಂದು ಕಡೆ, ಗಾಲಿಯ ರಾಶಿ ಒಂದು ಕಡೆ, ನಟ್ಟು ಬೋಲ್ಟಿನ ಚೀಲ ಮತ್ತೊಂದು ಕಡೆ. ಕಟ್ಟಿಕೊಡಲು ಗಾಳೆಪ್ಪನಿಗೆ ಕರೆ ಬರುತ್ತಿತ್ತು. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ವಾರಗಟ್ಟಲೆ ಸಾಲೆಯ ಅಂಗಳದಲ್ಲಿ ಕೂತು ಕಟ್ಟುತ್ತಿದ್ದ. ಕಟ್ಟಿದ ಮೇಲೆ ಹತ್ತಲು ಅಂಜುವ ಹುಡುಗಿಯರ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದ. ಮುಂದೆ ನೋಡವ್ವಾ, ಕೆಳಗ ನೋಡಬ್ಯಾಡ ಎಂದು ಕೂಗುತ್ತ, ಕೈ ಬಿಟ್ಟದ್ದು ಗೊತ್ತಾಗದಂತೆ ಬಿಡುತ್ತಿದ್ದ. ಯಾರದೋ ಮಕ್ಕಳಿಗೆ ಹೀಗೆ ಸೈಕಲ್ ಕಲಿಸಿದವನು ಅವನು.

ಊರಿಗೆ ಉಪಕಾರಿ, ಮನೆಗೆ ಮಾರಿ. ಮದುವೆಯಾದ ಎರಡನೆಯ ವರ್ಷ ನೇತ್ರಾವತಿ, ತನಗೂ ಸೈಕಲ್ ಕಲಿಸಬೇಕೆಂದು ಕೇಳಿದ್ದಳು. ಮಿಸ್ತ್ರಿಯ ಹೆಂಡತಿ ಸೈಕಲ್ ಏರಿದರೆ ಕ್ರಾಸಿನಲ್ಲಿ ತಾನು ಮುಖ ಎಲ್ಲಿಡಲಿ ಎಂದು ಅವನು ನಕ್ಕುಬಿಟ್ಟ. ನಕ್ಕದ್ದು ಸಾಲದೆಂದು ಮಾರನೆಯ ದಿನ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿ ಅವರನ್ನೂ ನಗಿಸಿದ. ಅವಳು ಮತ್ತೆ ಕೇಳಲಿಲ್ಲ. ಕೇಳಲಿಲ್ಲ ಎಂಬುದು ಅವನಿಗೆ ಇಪ್ಪತ್ತು ವರ್ಷ ನೆನಪೂ ಆಗಲಿಲ್ಲ. ಹೊರಸಿನ ಮೇಲೆ ಬಿದ್ದ ಮೇಲೆ ನೆನಪು ಬಿಟ್ಟು ಬೇರೆ ಕೆಲಸವಿಲ್ಲವಲ್ಲ, ಆಗ ಅದು ದಿನಾ ಬಂದು ಎದೆಯ ಮೇಲೆ ಕೂರುತ್ತಿತ್ತು. ತಪ್ಪಾಯಿತು ಅನ್ನೋಣವೆಂದರೆ ಇರುವುದೊಂದೇ ಮಾತು. ಒಮ್ಮೆ ಉಣ್ಣುವಾಗ ಅವಳ ಕೈ ಹಿಡಿದು ಆ ಪ್ರಯತ್ನವನ್ನೂ ಮಾಡಿದ. "ಛಲೋ, ಛಲೋ" ಎಂದಷ್ಟೇ ಬಂತು. ಅವಳು ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅಂಗಡಿ ಮುಚ್ಚಿದ ಮೇಲೆ ನೇತ್ರಾವತಿ ಹಿಟ್ನಾಳದ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದಳು. ಏಳೂವರೆಯ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಹೊಸದಾಗಿ ಬಂದ ವಾರ್ಡನ್, ಬರುವ ಸೋಮವಾರದಿಂದ ಬೆಳಗಿನ ನಾಷ್ಟಾದ ಪಾಳಿ ನಿನ್ನದು, ಐದೂವರೆಗೆ ಒಲೆಯ ಮುಂದಿರಬೇಕು, ಆಗದಿದ್ದರೆ ಹೇಳು, ಬೇರೆಯವರನ್ನು ನೋಡುತ್ತೇನೆ ಎಂದರು. ಆ ಹೊತ್ತಿಗೆ ಬಸ್ಸಿಲ್ಲ. ಐದು ಕಿಲೋಮೀಟರ್ ನಡೆಯಲು ಅವಳ ಮೊಣಕಾಲು ಬಿಡುವುದಿಲ್ಲ. ಗಂಗಾವತಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಅನುಷಾ ಇದನ್ನು ಕೇಳಿ, ಮೊಬೈಲಿನಲ್ಲೇ ಒಂದು ಬ್ಯಾಟರಿ ಸೈಕಲ್ ಆರ್ಡರ್ ಹಾಕಿದಳು.

ಅವ್ವನಿಗೆ ಸೈಕಲ್ ಬರುತ್ತದೆಂದು ಅನುಷಾಗೆ ಗೊತ್ತಿತ್ತು. ಗಾಳೆಪ್ಪನಿಗೂ ಗೊತ್ತಿತ್ತು, ಆದರೆ ಯಾರೂ ಹೇಳಿರಲಿಲ್ಲ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಲಗಮ್ಮನ ಮಗಳ ಸೈಕಲ್ ಇಸಿದುಕೊಂಡು ನೇತ್ರಾವತಿ ಒಣಗಿದ ಕೆರೆಯಂಗಳದಲ್ಲಿ ಕಲಿತಿದ್ದಳು. ಸೀರೆಯ ಅಂಚಿಗೆ ಹತ್ತಿದ ಕಪ್ಪು ಒಲೆಯ ಮಸಿಯಲ್ಲ, ಚೈನಿನ ಗ್ರೀಸು ಎಂದು ಮಿಸ್ತ್ರಿಯ ಕಣ್ಣಿಗೆ ತಿಳಿಯದೇ ಇರುತ್ತದೆಯೇ? ನಲವತ್ತಮೂರರ ವಯಸ್ಸಿನಲ್ಲಿ ಬಿದ್ದು ಎದ್ದು ತಾನೇ ಕಲಿತುಕೊಂಡಳಲ್ಲ ಎಂದು ಅವನಿಗೆ ಹೆಮ್ಮೆ. ಕ್ಯಾರಿಯರ್ ಹಿಡಿಯಲು ತಾನಿರಲಿಲ್ಲವೆಂದು ಸಂಕಟ.

ಸೈಕಲ್ ಗುರುವಾರ ಬಂತು, ಉದ್ದನೆಯ ರಟ್ಟಿನ ಡಬ್ಬಿಯಲ್ಲಿ. ಹಳ್ಳಿಗೆ ಕಂಪನಿಯ ಜನ ಬರುವುದಿಲ್ಲ, ಮನೆಯಲ್ಲೇ ವಿಡಿಯೋ ನೋಡಿ ಕಟ್ಟಿಕೊಳ್ಳಿ ಎಂದು ಹೇಳಿ ತಂದವನು ಹೋದ. ಭಾನುವಾರ ಮುಂಜಾನೆ ನೇತ್ರಾವತಿಯ ತಮ್ಮ ಹೇಮಪ್ಪ ಕೊಪ್ಪಳದಿಂದ ಬಂದ. ಮೋಟಾರ್ ವೈಂಡಿಂಗ್ ಕೆಲಸದವನು, ಒಳ್ಳೆಯವನು, ತನಗೆ ತಿಳಿಯದ್ದೂ ಇದೆ ಎಂದು ಮಾತ್ರ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೋಟಾರೇ ನನ್ನ ಕೈಯೊಳಗ ಐತಿ, ಸೈಕಲ್ ಯಾವ ಲೆಕ್ಕ ಎಂದು ಪಡಸಾಲೆಯಲ್ಲಿ ಡಬ್ಬಿ ಹರಿದ.

ಗಾಳೆಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಅವನು ಮನಸ್ಸಿನಲ್ಲಿ ಒಂದನ್ನೇ ಬೇಡಿಕೊಳ್ಳುತ್ತಿದ್ದ. ಸಾವಿರಗಟ್ಟಲೆ ಸೈಕಲ್ ಕಟ್ಟಿದ್ದೇನೆ, ಇವಳಿಗೆ ಒಂದನ್ನೂ ಕಟ್ಟಿಕೊಡಲಿಲ್ಲ. ಕೈಯಿಂದ ಆಗದಿದ್ದರೂ ಇದೊಂದು ನನ್ನ ಕಣ್ಣಮುಂದೆ ಸರಿಯಾಗಿ ಕೂಡಿಬರಲಿ.

ಮುಂಗಾಲಿ ಸರಿಯಾಗಿ ಕೂತಿತು. ಹ್ಯಾಂಡಲ್ ನೇರ ನಿಂತಿತು. ಬ್ಯಾಟರಿ ಒಳಗೆ ಇಳಿದು, ಕೀಲಿ ತಿರುವಿದಾಗ ಹಸಿರು ದೀಪ ಹತ್ತಿತು. ನೇತ್ರಾವತಿ ಚಹಾ ಮಾಡಲು ಒಳಗೆ ಹೋದಳು. ದೀಪ ಹತ್ತಿದ ಸಂಭ್ರಮದಲ್ಲಿ ಹೇಮಪ್ಪ ಮೊಬೈಲ್ ಬೋರಲು ಹಾಕಿ, ಪೈಡಲ್ ಕೂರಿಸಲು ಇನ್ನೇಕೆ ವಿಡಿಯೋ ಎಂದುಕೊಂಡ. ಬಲಗಡೆಯದು ಬೆರಳಿನಲ್ಲೇ ಒಳಗೆ ಹೋಯಿತು. ಎಡಗಡೆಯದನ್ನೂ ಬಲಕ್ಕೇ ತಿರುಗಿಸಿದ. ಅದು ಹಿಡಿಯಲಿಲ್ಲ. ಮತ್ತೆ ತಿರುಗಿಸಿದ.

"ಛಲೋ," ಎಂದ ಗಾಳೆಪ್ಪ.

"ಛಲೋ ಆಗ್ತೈತಿ ಮಾವಾರ, ಸ್ವಲ್ಪ ಬಿಗಿ ಐತಿ ಅಷ್ಟ," ಎಂದ ಹೇಮಪ್ಪ.

ಅವನು ಪಾನಾದ ಬಾಲಕ್ಕೆ ಒಂದು ಪೈಪಿನ ತುಂಡು ಸಿಕ್ಕಿಸಿ ಮೈಭಾರ ಹಾಕಿದ. ಪೈಡಲ್ ಕೂರುವ ತೋಳು ಹಳೆಯ ಸೈಕಲ್ಲಿನಂತೆ ಕಬ್ಬಿಣದ್ದಾಗಿದ್ದರೆ ಪೈಡಲ್ ಒಳಗೇ ಹೋಗುತ್ತಿರಲಿಲ್ಲ. ಇದು ಅಲ್ಯುಮಿನಿಯಂ, ಮೆತ್ತಗಿನದು. ಉಕ್ಕಿನ ಪೈಡಲ್ ಅದರ ಥ್ರೆಡ್ಡನ್ನು ಅರೆಯುತ್ತ ಕಿರ್ರೆಂದು ಒಳಗೆ ಹೋಗತೊಡಗಿತು. ಆ ಸಪ್ಪಳಕ್ಕೆ ಗಾಳೆಪ್ಪನ ಹಲ್ಲು ಜುಮ್ಮೆಂದವು. ಎಡಕ್ಕೆ ತಿರುಗಿಸೋ, ಜೋರು ಮಾಡಬೇಡ ಎಂದು ಕೂಗಿದ. ಹೊರಗೆ ಬಂದದ್ದು ಛಲೋ, ಛಲೋ, ಛಲೋ. ಎಡಗೈ ಎತ್ತಿ ಬೀಸಿದ, ಬೀಸಿದ ಭರಕ್ಕೆ ನೀರಿನ ತಂಬಿಗೆ ಉರುಳಿತು. ಮಾವ ಭಾಳ ಖುಷಿಯಾಗ್ಯಾರ ನೋಡಕ್ಕಾ ಎಂದು ಹೇಮಪ್ಪ ಅಡುಗೆಮನೆಯ ಕಡೆ ತಿರುಗಿ ಕೂಗಿದ. ಕಡೆಯ ಸುತ್ತು ಹಾಕಿ ಮುಗಿಸಿದ.

ತಂಬಿಗೆಯ ಸದ್ದಿಗೆ ನೇತ್ರಾವತಿ ಓಡಿಬಂದಳು. ಗಂಡನ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಎಡಗೈ ಸೈಕಲ್ಲಿನ ಕಡೆಗೆ ಬೇಡ ಬೇಡ ಎಂದು ಆಡುತ್ತಿತ್ತು. ಅವಳು ತಮ್ಮನಂತೆ ಮೋಸಹೋಗುವವಳಲ್ಲ. ಇದು ಖುಷಿಯಲ್ಲ, ಬೇಡವೆನ್ನುವುದು ಎಂದು ನೋಡಿದೊಡನೆ ತಿಳಿದಳು. ಯಾವುದು ಬೇಡ ಎಂಬುದನ್ನು ಮಾತ್ರ ಇಪ್ಪತ್ತು ವರ್ಷದ ಹಿಂದೆ ಅವನು ನಕ್ಕ ನಗುವಿನಿಂದ ತಿಳಿದುಕೊಂಡಳು.

ಸೆರಗಿನಿಂದ ಅವನ ಕಣ್ಣೊರೆಸುತ್ತ, ತಮ್ಮನಿಗೆ ಕೇಳದಂತೆ ಮೆಲ್ಲಗೆ ಅಂದಳು: "ಈಗೂ ಬ್ಯಾಡ ಅಂತೀರೇನ್ರಿ? ನಾ ಸೈಕಲ್ ಹತ್ತಿದ್ರ ಈಗೂ ನಿಮ್ಮ ಮಕಾ ಹೋಗ್ತೈತೇನು?"

ಗಾಳೆಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವಳು ಅದನ್ನು ಮರೆತಿರಲಿಲ್ಲ. ಅವನು ಹೇಳಿದ್ದ ಮಾತನ್ನು ಹಾಗೆಯೇ ಇಟ್ಟುಕೊಂಡಿದ್ದಳು. ಇನ್ನೂ ಕೈ ಬೀಸಬೇಕು, ಸೈಕಲ್ಲನ್ನು ಒದ್ದು ಕೆಡವಿಯಾದರೂ ತಡೆಯಬೇಕು ಎಂದು ಅವನೊಳಗಿನ ಮಿಸ್ತ್ರಿ ಒದ್ದಾಡಿದ. ಬೀಸಿದರೆ ಅವಳ ಮುಂದೆ ಮತ್ತೆ ಅದೇ ಹಳೆಯ ಗಂಡಸಾಗಬೇಕಿತ್ತು. ಹೀಗೆ ಜೋರಾಗಿ ಹೊಡೆದ ಪೈಡಲ್ಲು ಒಂದು ವಾರ, ಹದಿನೈದು ದಿನ ತಡೆದದ್ದನ್ನು ಅವನು ಕಂಡಿದ್ದ. ಮುಂದಿನ ಭಾನುವಾರ ಅನುಷಾ ಬರುತ್ತಾಳೆ, ಆಸ್ಪತ್ರೆಯಲ್ಲಿ ತನ್ನಂಥ ರೋಗಿಗಳನ್ನು ನೋಡಿದವಳು, ಅವಳಿಗೆ ಹೇಗಾದರೂ ತೋರಿಸಬಹುದು. ಏಳು ದಿನ ತಡೆದರೆ ಸಾಕು.

ಅವನು ಕೈ ಇಳಿಸಿದ.

"ಹಂಗಾರ ಹೋಗ್ಲೇನ್ರಿ?" ಎಂದಳು ನೇತ್ರಾವತಿ.

"ಛಲೋ," ಎಂದ.

ಅವಳು ನಕ್ಕಳು. ಲಕ್ವಾ ಹೊಡೆದ ಮೇಲೆ ಆ ಮನೆಯಲ್ಲಿ ಅವಳು ಬಾಯಿ ತುಂಬ ನಕ್ಕದ್ದು ಅಂದೇ. ಸೈಕಲ್ಲಿಗೆ ಕುಂಕುಮ ಹಚ್ಚಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು, ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದು ಗಂಡನ ಬಾಯಿಗೆ ಸಕ್ಕರೆ ಹಾಕಿದಳು. ಇಂಥ ಸಕ್ಕರೆಯನ್ನು ನುಂಗುವ ಕಷ್ಟ ಶತ್ರುವಿಗೂ ಬೇಡ.

ಸೋಮವಾರ ಹೋಗಿ ಬಂದಳು. ಮಂಗಳವಾರ, ಬುಧವಾರವೂ ಹೋಗಿ ಬಂದಳು. ಬೆಳಗ್ಗೆ ಅವಳು ಎಡಗಾಲು ಪೈಡಲ್ಲಿನ ಮೇಲಿಟ್ಟು ಮೈಭಾರ ಹಾಕಿ ಹತ್ತುವ ಸದ್ದು ಗಾಳೆಪ್ಪನಿಗೆ ಹೊರಸಿನಿಂದಲೇ ಕೇಳುತ್ತಿತ್ತು. ಸಂಜೆ ಸ್ಟ್ಯಾಂಡ್ ಹಾಕುವ ಸದ್ದು ಕೇಳುವ ತನಕ ಅವನು ಎರಡು ಗುಟುಕು ನೀರನ್ನೂ ನೆಟ್ಟಗೆ ಕುಡಿಯುತ್ತಿರಲಿಲ್ಲ. ದಾರಿಯಲ್ಲಿ ಎಲ್ಲರೂ ನೋಡುತ್ತಾರೆ, ನೋಡಿದರೆ ನೋಡಲಿ ಎಂದು ಅವಳು ರೊಟ್ಟಿ ತಟ್ಟುತ್ತ ಹೇಳುತ್ತಿದ್ದಳು. ಮೂರು ದಿನದಲ್ಲಿ ಅವಳು ಮೂರು ವರ್ಷದ ಮಾತಾಡಿದಳು. ಆ ಮೂರು ದಿನ ಅವನು ಸುಖವಾಗಿಯೂ ಇದ್ದ, ಸುಳ್ಳು ಯಾಕೆ ಹೇಳಬೇಕು.

ಗುರುವಾರ ಹೈವೇಗೆ ಏರುವ ದಿಬ್ಬದಲ್ಲಿ, ಅವಳು ಒಮ್ಮೆ ಇಳಿದು ಮತ್ತೆ ಹತ್ತುವಾಗ, ಎಡಗಡೆಯ ಪೈಡಲ್ ಕಿತ್ತುಬಂತು. ಕಲ್ಲಿನ ಮೇಲೆ ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಎರಡೂ ಎಲುಬು ಮುರಿದವು. ಹಾಸ್ಟೆಲಿನಲ್ಲಿ ಆ ದಿನವೇ ಕಾಸೀಮಬೀ ಎಂಬಾಕೆಯನ್ನು ಅವಳ ಪಾಳಿಗೆ ಹಾಕಿದರು. ವಾರ್ಡನ್ನಿನ ತಪ್ಪೇನೂ ಇಲ್ಲ, ಎಂಬತ್ತು ಹುಡುಗಿಯರಿಗೆ ನಾಷ್ಟಾ ಆಗಬೇಕಲ್ಲ.

ಮಧ್ಯಾಹ್ನ ಹೇಮಪ್ಪ ಅವಳನ್ನು ಆಸ್ಪತ್ರೆಯಿಂದ ಕರೆತಂದು, ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕೂತು, ಹೋದ. ಮೊಣಕೈ ತನಕ ಬಿಳಿ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೇತ್ರಾವತಿ ಹೊರಸಿನ ಪಕ್ಕ ನೆಲದ ಮೇಲೆ ಕೂತಳು. ಹುಲಗಮ್ಮ ರೊಟ್ಟಿ, ಹಾಲು ತಂದಿಟ್ಟು ಹೋಗಿದ್ದಳು.

"ಕ್ರಾಸಿನ್ಯಾಗ ಮುದಿಯಪ್ಪ ಮಿಸ್ತ್ರಿ ಸೈಕಲ್ ನೋಡಿದ," ಎಂದಳು. "ಎಡಕಿನ ಪೈಡಲ್ ಬಲಕ್ಕ ತಿರುವ್ಯಾರ ಅಂದ. ಮಿಸ್ತ್ರಿ ಆದಾಂವಗ ಕಣ್ಣು ಮುಚ್ಚಿದ್ರೂ ಸಪ್ಪಳದಾಗ ಗೊತ್ತಾಗ್ತೈತಿ, ಗಾಳೆಪ್ಪನ ಮುಂದ ಹೆಂಗ ಹಿಂಗಾತು ಅಂತ ಕೇಳಿದ."

ಗಾಳೆಪ್ಪ ಅವಳನ್ನೇ ನೋಡಿದ.

"ನಿಮಗ ಗೊತ್ತಿತ್ತೇನ್ರಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೈ ಬೀಸಿದ್ರಿ, ಖರೆ. ಆಮ್ಯಾಲ ನಾ ಹೋಗ್ಲೇನು ಅಂದಾಗ ಛಲೋ ಅಂದ್ರಲ್ಲ. ಗೊತ್ತಿದ್ದೂ ಅಂದ್ರೇನು?"

ಗೊತ್ತಿತ್ತು. ನಿನ್ನ ಕಣ್ಣಿನಲ್ಲಿ ಮತ್ತೊಮ್ಮೆ ಸಣ್ಣವನಾಗಲು ಅಂಜಿ ಅಂದೆ, ನೀನು ನಗಲಿ ಎಂದು ಅಂದೆ. ಇಷ್ಟು ಮಾತೂ ಅವನ ಎದೆಯಲ್ಲಿ ಸಾಲಾಗಿ ನಿಂತಿದ್ದವು. ಬಾಯಿಗೆ ಬರುವ ಹೊತ್ತಿಗೆ ಅವೆಲ್ಲ ಸೇರಿ ಒಂದೇ ಮಾತಾಗುವುದೂ ಅವನಿಗೆ ಗೊತ್ತಿತ್ತು. ಮುರಿದ ಕೈ ಹಿಡಿದು ಕೂತವಳ ಮುಂದೆ ಆ ಮಾತನ್ನು ಹೇಗೆ ಆಡಲಿ? ಅದು ಗಂಟಲಿನ ತನಕ ಬಂತು. ಗಾಳೆಪ್ಪ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡ.

ನೇತ್ರಾವತಿ ಕಾದಳು. ಎರಡು ವರ್ಷದಲ್ಲಿ ಅವಳು ಏನು ಕೇಳಿದರೂ ಉತ್ತರ ಬಾರದೆ ಇದ್ದದ್ದಿಲ್ಲ. ಈಗ ಬರಲಿಲ್ಲ. ಅವಳಿಗೆ ಅದೇ ಉತ್ತರವಾಯಿತು.

"ಆತು ಬಿಡ್ರಿ," ಎಂದಳು.

ಎಡಗೈಯಿಂದಲೇ ರೊಟ್ಟಿ ಮುರಿದು, ಹಾಲಿನಲ್ಲಿ ನೆನೆಸಿ, ತುತ್ತು ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು. ತುತ್ತಿಗೆಂದು ತೆರೆದರೂ ಆ ಮಾತು ಹೊರಬಿದ್ದೀತೆಂದು ಅವನು ಬಾಯಿ ತೆರೆಯಲಿಲ್ಲ. ಹಾಲು ಅವಳ ಬೆರಳಿನಿಂದ ಅವನು ಹೊದ್ದ ದುಪ್ಪಟಿಯ ಮೇಲೆ ತೊಟ್ಟಿಕ್ಕಿತು. ಸ್ವಲ್ಪ ಹೊತ್ತು ಹಿಡಿದು ನೋಡಿ, ಅವಳು ತುತ್ತನ್ನು ತಟ್ಟೆಗೆ ಹಾಕಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.