ಊದುವವರಿಗೆ ಖಾರ ಆಗದು

ಮದ್ದೂರು ಬಸ್ ನಿಲ್ದಾಣದ ಎದುರು ಗಾಡಿಯವನೊಬ್ಬ ಕರಿದ ಮೆಣಸಿನಕಾಯಿ ಬಜ್ಜಿಯ ಹೊಟ್ಟೆ ಸೀಳಿ, ಈರುಳ್ಳಿ, ಕ್ಯಾರೆಟ್ ತುರಿ ತುಂಬಿ, ನಿಂಬೆಹಣ್ಣು ಹಿಂಡುತ್ತಿದ್ದ. ಆ ವಾಸನೆಗೂ ನಿಮ್ಮ ಬಾಯಲ್ಲಿ ನೀರೂರದಿದ್ದರೆ ಡಾಕ್ಟರನ್ನು ಕಾಣುವುದು ಒಳ್ಳೆಯದು. ನನಗೆ ನೀರೂ ಬಂತು, ಹಿಂದೆಯೇ ನಾಚಿಕೆಯೂ ಬಂತು. ಅದೇಕೆಂದು ಹೇಳಿಬಿಡುತ್ತೇನೆ, ಕೇಳಿ.

ಹೋದ ವರ್ಷ ಗುತ್ತಲಿನ ನಮ್ಮ ನಾಟಕ ತಂಡದಲ್ಲಿ ನಾನು ಮಂತ್ರಿಯ ಪಾತ್ರ ಮಾಡಬೇಕಿತ್ತು. ಒಂದು ಪದ್ಯ ಹಾಡಿದೆ. ಹಾರ್ಮೋನಿಯಂ ಮೇಷ್ಟ್ರು ಕೂಡಲೇ ನನಗೆ ತಿಂಡಿ ಉಸ್ತುವಾರಿ ವಹಿಸಿದರು. ರಾಜನ ಪಾತ್ರ ನಮ್ಮ ಚಿಕ್ಕಪ್ಪನದು. ರಾಜ ರಂಗಕ್ಕೆ ಬರುವಾಗ ಬರೀ ಹಾರ್ಮೋನಿಯಂ ಸಾಲದೆಂದು ಪೂರಿಗಾಲಿಯ ಮಾದೇವಯ್ಯನವರ ಬ್ಯಾಂಡ್‌ಸೆಟ್ ಕರೆಸಿದ್ದೆವು. ಮದುವೆ ಮೆರವಣಿಗೆಯ ಮಾರ್ಚನ್ನೇ ಅವರು ಟ್ರಂಪೆಟ್ಟಿನಲ್ಲಿ ರಾಜನಿಗೂ ಊದುತ್ತಿದ್ದರು. ತಾಲೀಮಿನ ದಿನ ಅದನ್ನು ಕೇಳಿ ಪಕ್ಕದ ಮನೆಯ ಹೆಂಗಸರು ಮದುವೆ ಗಂಡನ್ನು ನೋಡಲು ಬಾಗಿಲಿಗೆ ಬಂದು, ಚಿಕ್ಕಪ್ಪನನ್ನು ಕಂಡು ಒಳಗೆ ಹೋದರು.

ನಾಟಕದ ದಿನ ಮಧ್ಯಾಹ್ನ ಚಿಕ್ಕಮ್ಮ ದೊಡ್ಡ ಪಾತ್ರೆ ತುಂಬ ಇದೇ ಬಜ್ಜಿ ಕಳಿಸಿದರು. ಪಾತ್ರಧಾರಿಗಳಿಗೆ ಕೊಟ್ಟೆ, ಬಣ್ಣ ಹಚ್ಚುವವನಿಗೆ ಕೊಟ್ಟೆ, ಪರದೆ ಎಳೆಯುವವನಿಗೆ ಎರಡು ಸಲ ಕೊಟ್ಟೆ. ಬ್ಯಾಂಡಿನವರಿಗೆ ಮಾತ್ರ ಕೊಡಲಿಲ್ಲ.

"ಊದೋರ ತುಟಿಗೆ ಖಾರ ಆಗಾಕಿಲ್ಲ ಕಣ್ಲಾ, ಅವ್ರಿಗ್ ಟೀ ಕೊಡು ಸಾಕು" ಎಂದು ಚಿಕ್ಕಪ್ಪ ಹೇಳಿದ್ದರು. ಎಂಥ ಕಾಳಜಿ ನೋಡಿ. ಡ್ರಮ್ ಬಾರಿಸುವವನ ತುಟಿಗೇನು ಕಷ್ಟ ಎಂಬುದು ನನಗೆ ಹೊಳೆಯಲೇ ಇಲ್ಲ. ನಾವು ಸ್ಟೀಲ್ ಲೋಟದಲ್ಲಿ ಟೀ ಕುಡಿದೆವು. ಅವರಿಗೆ ಪೇಪರ್ ಲೋಟದಲ್ಲಿ ಕೊಟ್ಟು, ಉಸ್ತುವಾರಿ ಅಚ್ಚುಕಟ್ಟಾಯಿತೆಂದು ಬೀಗಿದೆ.

ರಾಜ ಬರುವ ಹೊತ್ತಾಯಿತು. ಬ್ಯಾಂಡ್ ಸದ್ದಿಲ್ಲ. ಕಿರೀಟ ಹಿಡಿದುಕೊಂಡು ಚಿಕ್ಕಪ್ಪ ನನ್ನನ್ನು ಅಟ್ಟಿದರು. ಹೋಗಿ ನೋಡಿದರೆ ಮಾದೇವಯ್ಯನವರು ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟು ಕೂತಿದ್ದಾರೆ.

"ಬಜ್ಜಿ ಎಲ್ಲಾರ್ಗೂ ಆಯ್ತಾ ಸಾರ್?"

"ಆಯ್ತು. ಊದೋರಿಗೆ ಖಾರ ಆಗಲ್ಲ ಅಂತ ನಿಮಗೆ..."

"ಯಾರ್ ಯೋಳಿದ್ರು?"

ನಾನು ನೆಲದ ಮೇಲಿದ್ದ ಪೇಪರ್ ಲೋಟಗಳನ್ನು ಆರಿಸತೊಡಗಿದೆ.

"ಮೂವತ್ತು ವರ್ಸದಿಂದ ಊದ್ತಾ ಇವ್ನಿ. ನನ್ ತುಟಿ ಸಮಾಚಾರ ನನ್ನ ಕೇಳ್ಬೇಕಾಗಿತ್ತು."

ಅಷ್ಟೇ ಹೇಳಿ ಟ್ರಂಪೆಟ್ ಎತ್ತಿದರು. ಅಂಥ ಮಾರ್ಚನ್ನು ನಾನು ಯಾವ ಮದುವೆಯಲ್ಲೂ ಕೇಳಿರಲಿಲ್ಲ. ಚಪ್ಪಾಳೆಯೆಲ್ಲ ತನಗೇ ಎಂದುಕೊಂಡು ರಾಜ ಮೀಸೆ ತಿರುವುತ್ತ ನಡೆದುಬಂದ. ನಾಟಕ ಮುಗಿದ ಮೇಲೆ ಚಿಕ್ಕಪ್ಪ ಬಣ್ಣ ಒರೆಸಿಕೊಳ್ಳುತ್ತ, "ನೋಡ್ದಾ, ಎಂಗ್ ಊದಿದ. ಅದ್ಕೇ ಖಾರ ಕೊಡಬ್ಯಾಡ ಅಂದಿದ್ದು" ಎಂದರು. ನಾನು ಹೂಂ ಎಂದೆ. ಬಜ್ಜಿ ಕೊಡದೆ ಹೋದದ್ದಕ್ಕಿಂತ ಆ ಹೂಂ ಎಂದದ್ದೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಇವತ್ತು ಸಂಜೆ ಗುತ್ತಲಿನಲ್ಲಿ ಹೊಸ ನಾಟಕದ ತಾಲೀಮು. ಬ್ಯಾಂಡ್ ಮಾದೇವಯ್ಯನವರದೇ. ಬಜ್ಜಿ ಗಾಡಿಯ ಮುಂದೆ ನಿಂತೇ ಅವರಿಗೆ ಫೋನ್ ಮಾಡಿ, ನಿಮಗೆಲ್ಲ ಬಜ್ಜಿ ತರಲೇ ಎಂದು ಕೇಳಿದೆ.

"ನಮ್ಮೋರ್ಗೆಲ್ಲ ತನ್ನಿ ಸಾರ್, ತಿಂತಾರೆ. ನಂಗ್ ಬ್ಯಾಡ. ನಂಗೆ ಖಾರ ಆಗಾಕಿಲ್ಲ."