ಸದಸ್ಯೆಯಲ್ಲದ ರಳಿಯಾತ್ ಕಾಕಿ

ನಮ್ಮ ಜೈನ ಸಮಾಜ ಭವನದ ಇತಿಹಾಸ ಎಂದು ಈ ವರ್ಷ ಒಂದು ಬಣ್ಣದ ಪುಸ್ತಕ ಅಚ್ಚಾಗಿದೆ. ಹಿಂದೆ ಅಧ್ಯಕ್ಷನಾಗಿದ್ದ ಪ್ರಭುಲಾಲ್ ಮಾಲ್ದೆಯ ಫೋಟೋ ಅದರಲ್ಲಿ ಏಳು ಕಡೆ ಇದೆ. ರಳಿಯಾತ್ ಕಾಕಿಯದು ಒಂದೂ ಇಲ್ಲ. ಗುಂಪಿನ ಚಿತ್ರವೊಂದರ ಅಂಚಿನಲ್ಲಿ ಅವಳ ಮೊಣಕೈ ಮಾತ್ರ ಕಾಣುತ್ತದೆ. ಅದನ್ನು ನೋಡಿದಾಗಿನಿಂದ ನನಗೆ ಮೈ ಉರಿಯುತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಕಾಕಿ ನನಗೆ ಸ್ವಂತ ಚಿಕ್ಕಮ್ಮನಲ್ಲ. ಕೀನ್ಯಾದ ಥೀಕಾದಲ್ಲಿ ನಮ್ಮ ಅಂಗಡಿಯ ಪಕ್ಕದ ಅಂಗಡಿ ಅವರದು. ಅರವತ್ತೆಂಟರಲ್ಲಿ ಎರಡೂ ಮನೆಯವರು ಒಂದೇ ವಿಮಾನದಲ್ಲಿ ಇಂಗ್ಲೆಂಡಿಗೆ ಬಂದೆವು. ಅವಳ ಗಂಡ ವೇಲ್ಜಿ ಕಾಕಾ ಬಸ್ ಡಿಪೋ ಸೇರಿದರು, ಕಾಕಿ ಕಾಲುಚೀಲದ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂತಳು. ಊರಲ್ಲಿ ಇದ್ದದ್ದು ಹನ್ನೊಂದು ಜೈನ ಮನೆ. ಬಸದಿ ಇಲ್ಲ, ಸಾಧುಗಳಿಲ್ಲ; ಕಾಲ್ನಡಿಗೆಯಲ್ಲೇ ತಿರುಗುವ ಅವರು ಸಮುದ್ರ ದಾಟಿ ಎಲ್ಲಿ ಬರಬೇಕು? ವರ್ಷದ ತಪ್ಪುಗಳನ್ನೆಲ್ಲ ಒಪ್ಪಿಕೊಂಡು ಕ್ಷಮೆ ಕೇಳುವ ಸಂವತ್ಸರಿಯ ಪ್ರತಿಕ್ರಮಣಕ್ಕೆ ಒಂದು ಪುಸ್ತಕವನ್ನೂ ಯಾರೂ ತಂದಿರಲಿಲ್ಲ. ಆದರೆ ಆ ಮೂರು ಗಂಟೆಯ ಪಾಠ ಕಾಕಿಗೆ ಬಾಯಿಪಾಠವಾಗಿತ್ತು. ಸೋಫಾ ಎತ್ತಿ ಹಿತ್ತಿಲಿಗೆ ಹಾಕಿ, ಅವಳ ಮನೆಯ ಮುಂದಿನ ಕೋಣೆಯಲ್ಲಿ ನಾವು ನಲವತ್ತು ಜನ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದೆವು. ಸಂವತ್ಸರಿಯೊಂದಿಗೆ ಮುಗಿಯುವ ಪರ್ಯೂಷಣ ಹಬ್ಬದ ಎಂಟೂ ದಿನ ಉಪವಾಸದವರಿಗೆ ನೀರು ಕುದಿಸಿ ಆರಿಸಿ ಇಟ್ಟು ಅವಳು ಕಾರ್ಖಾನೆಗೆ ಓಡುತ್ತಿದ್ದಳು.

ಎಂಬತ್ತೊಂದರಲ್ಲಿ ಪಾಳುಬಿದ್ದಿದ್ದ ಒಂದು ಚರ್ಚ್ ಹಾಲ್ ಕೊಂಡೆವು. ಹತ್ತು ತಿಂಗಳು, ಪ್ರತಿ ಭಾನುವಾರ, ಕಾಕಿ ಮಂಡಿಯೂರಿ ಅದರ ನೆಲದ ಅಂಟು ಕೆರೆದಳು. ಬದಲಿಗೆ ಕೇಳಿದ್ದು ಬಲಗಡೆಯ ಸಣ್ಣ ಕೋಣೆಯೊಂದನ್ನೇ.

"ಕುರ್ಚಿ ಬೇಡ, ಮೇಜು ಬೇಡ. ಹೆಂಗಸರು ಬಂದು ಎರಡು ಗಳಿಗೆ ಸಾಮಾಯಿಕಕ್ಕೆ ಕೂತ್ಕೊಳ್ಳೋಕೆ ಒಂದು ಜಾಗ ಇದ್ರೆ ಸಾಕು."

ಎರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ, ಯಾವ ಜೀವಕ್ಕೂ ನೋವು ಮಾಡದೆ, ಯಾರ ಮೇಲೂ ಕೋಪವಿಲ್ಲದೆ ಉಣ್ಣೆಯ ಚಾಪೆಯ ಮೇಲೆ ಕೂರುವುದು. ಅತ್ತೆ, ಮಕ್ಕಳು, ಕಾರ್ಖಾನೆಯ ಮೇಸ್ತ್ರಿ ಯಾರೂ ಬಾಗಿಲು ಬಡಿಯದ ಜಾಗ ನಮಗೆ ಈ ದೇಶದಲ್ಲಿ ಇದ್ದದ್ದು ಅದೊಂದೇ.

ತೊಂಬತ್ತಮೂರರಲ್ಲಿ ಪ್ರಭುಲಾಲ್ ಅಧ್ಯಕ್ಷನಾದ. ಹಾಲ್ ದೊಡ್ಡದಾಯಿತು, ಹೊರಗಿನವರ ಮದುವೆಗಳಿಗೆ ಬಾಡಿಗೆಗೂ ಹೋಯಿತು. ಒಂದು ಸೋಮವಾರ ಕಾಕಿ ಬಂದು ನೋಡಿದರೆ ಅಡುಗೆಮನೆಯ ತೊಟ್ಟಿಯಲ್ಲಿ ನಾವು ಮುಟ್ಟದ ಈರುಳ್ಳಿಯ ಸಿಪ್ಪೆ, ಹೆಂಗಸರ ಕೋಣೆಯಲ್ಲಿ ಸೂರಿನ ತನಕ ಮಡಚಿಟ್ಟ ಕುರ್ಚಿಗಳು. ವಾರ್ಷಿಕ ಸಭೆಯಲ್ಲಿ ಅವಳು ಎದ್ದು ನಿಂತಳು.

"ಪ್ರಭು, ಬಾಡಿಗೆಗೆ ಕೊಡಬೇಡ ಅಂತ ಹೇಳಲ್ಲ. ನಮ್ಮ ಒಲೆ ಮೇಲೆ ಈರುಳ್ಳಿ ಯಾಕಪ್ಪ ಬಂತು? ನಮ್ಮ ಕೋಣೆಗೆ ಕುರ್ಚಿ ಯಾಕೆ ಬಂತು?"

ಪ್ರಭುಲಾಲ್ ಕಡತ ತಿರುವಿ ಹಾಕಿ ನಗುತ್ತ ಹೇಳಿದ: "ಕಾಕಿ, ಈ ಸಭೆಯಲ್ಲಿ ಮಾತಾಡೋದು ಮೆಂಬರ್‌ಗಳು. ಮೆಂಬರ್ ಆಗಿದ್ದವರು ವೇಲ್ಜಿ ಕಾಕಾ, ಅವರು ಹೋದ್ರು. ನೀವು ಫಾರಂ ತುಂಬೇ ಇಲ್ಲ. ಕೂತ್ಕೊಳ್ಳಿ, ಚಹಾ ಕಳಿಸ್ತೀನಿ."

ಅವಳ ಮನೆಯ ಮುಂದಿನ ಕೋಣೆಯಲ್ಲಿ ಸೂತ್ರ ಕಲಿತವನು ಇವನು. ಅವಳು ಕುದಿಸಿದ ನೀರು ಕುಡಿದು ಮೊದಲ ಉಪವಾಸ ಮಾಡಿದವನು. ಅಲ್ಲಿದ್ದ ನೂರು ಜನರಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ, ಹೇಡಿಗಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ, ಹಲ್ಲು ಕಚ್ಚಿಕೊಂಡು. ಕಾಕಿ ಚಪ್ಪಲಿ ಮೆಟ್ಟಿ ಹೋದವಳು ಹತ್ತು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಸಂವತ್ಸರಿ ಹತ್ತಿರ ಬಂತು. ಆ ದಿನವನ್ನೂ ದಾಟಿಸಿ ಸಿಟ್ಟು ಇಟ್ಟುಕೊಂಡರೆ ಮಾಡಿದ ಧರ್ಮವೆಲ್ಲ ನೀರುಪಾಲು ಎಂದು ನಮ್ಮವರ ನಂಬಿಕೆ. ಆಗ ಕಾಕಿಗೆ ಎಪ್ಪತ್ನಾಲ್ಕು.

"ಸಿಟ್ಟು ಇಳೀತಾ ಇಲ್ಲ ನಿಮು," ಎಂದು ನನಗೆ ಹೇಳಿದಳು. "ಆ ಪ್ರಭುಗೋಸ್ಕರ ನನ್ನ ಇಡೀ ಜನ್ಮದ ಧರ್ಮ ಹೋಗುತ್ತಲ್ಲೇ."

ಬಲವಂತ ಮಾಡಿ ಕರೆದುಕೊಂಡು ಹೋದೆ. ಬಂದಳು, ಆದರೆ ಚಾಪೆ ಬಿಚ್ಚಲಿಲ್ಲ, ವ್ರತ ತೊಡಲಿಲ್ಲ. "ಹೊಟ್ಟೆಯೊಳಗೆ ಬೆಂಕಿ ಇಟ್ಕೊಂಡು ಕೂತ್ರೆ ಅದು ನಾಟಕ" ಎಂದು ಬಾಗಿಲ ಹತ್ತಿರವೇ ನಿಂತಳು.

ಒಳಗೆ ಐನೂರು ಜನ ಬಿಳಿ ಬಟ್ಟೆಯಲ್ಲಿ ಕೂತಿದ್ದರು. ಪಾಠ ಹೇಳಲು ಪ್ರಭುಲಾಲ್ ಮುಂಬಯಿಯಿಂದ ಕ್ಯಾಸೆಟ್ ತರಿಸಿದ್ದ. ವ್ರತ ತೊಟ್ಟವರು ಕರೆಂಟು ಮುಟ್ಟುವಂತಿಲ್ಲ ಎಂದು ಬಾಗಿಲು ಕಾಯುವ ಬಿಳಿಯನ ಕೈಲಿ ಗುಂಡಿ ಒತ್ತಿಸಿದ್ದ. ಅವನು ಒತ್ತಿ ಮನೆಗೆ ಹೋದ. ಒಂದೂವರೆ ಗಂಟೆ ಎಲ್ಲ ಸರಿಯಾಗಿತ್ತು. ಆಮೇಲೆ ಯಂತ್ರ ಟೇಪನ್ನು ನುಂಗಿಕೊಂಡು ಕುಂಯ್‌ಗುಟ್ಟತೊಡಗಿತು.

ಏಳುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ, ಮುಂದಿನ ಸೂತ್ರ ಒಬ್ಬರಿಗೂ ಬಾಯಿಗೆ ಬಾರದು. ಐನೂರು ಜನ ಮಿಕಮಿಕ ನೋಡುತ್ತ ಕೂತರು. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ವ್ರತದಲ್ಲಿ ಇಲ್ಲದ ಜೀವ ಅಲ್ಲಿ ಒಂದೇ, ಬಾಗಿಲ ಹತ್ತಿರ ನಿಂತ ಕಾಕಿ. ಪ್ರಭುಲಾಲ್ ಅವಳ ಕಡೆ ನೋಡಿ, ಗುಂಡಿ ಸರಿಮಾಡಿ ಎಂದು ಕೈಸನ್ನೆ ಮಾಡಿದ.

ಕಾಕಿ ಅಷ್ಟುದ್ದದ ಹಾಲ್ ದಾಟಿ ಬಂದಳು. ಬಂದು ವೈರನ್ನೇ ಕಿತ್ತಳು.

"ನಾನು ಮೆಂಬರ್ ಅಲ್ವಲ್ಲ ಪ್ರಭು. ಇಲ್ಲಿ ಬಾಯಿ ಬಿಡಬಹುದಾ?"

ಪ್ರಭುಲಾಲ್ ತಲೆ ತಗ್ಗಿಸಿ ಕೈಮುಗಿದ. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಪಾಠ ಹೇಳದೆ ಹೊರಟುಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವಳು ಚೀಲದಿಂದ ಚಾಪೆ ತೆಗೆದು ಹಾಸಿ, ವ್ರತ ತೊಟ್ಟು, ಟೇಪು ನಿಂತ ಪದದಿಂದಲೇ ಪಾಠ ಎತ್ತಿಕೊಂಡಳು. ಎಲ್ಲ ಜೀವಿಗಳನ್ನೂ ಕ್ಷಮಿಸುವ ಜಾಗಕ್ಕೆ ಬಂದಾಗ ಆ ಸಾಲನ್ನು ಎರಡು ಸಲ ಹೇಳಿದಳು. ಆಮೇಲೆ ಮುಂದುವರಿಸಿದಳು.

ಹೊತ್ತು ಮುಳುಗುವಾಗ ಪಾಠ ಮುಗಿಯಿತು. ಎಲ್ಲರೂ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಿರುವಾಗ ಕಾಕಿ ತಾನೇ ಪ್ರಭುಲಾಲನ ಮುಂದೆ ಹೋಗಿ ಕೈಮುಗಿದಳು.

"ಮಿಚ್ಛಾಮಿ ದುಕ್ಕಡಂ. ಹತ್ತು ತಿಂಗಳು ನಿನಗೆ ಶಾಪ ಹಾಕಿದ್ದೀನಿ. ಕ್ಷಮಿಸು."

ಅವನ ಮುಖ ಅರಳಿತು. "ನನ್ನದೂ ಮಿಚ್ಛಾಮಿ ದುಕ್ಕಡಂ ಕಾಕಿ. ನಾಳೆನೇ ಫಾರಂ ತರಿಸ್ತೀನಿ."

"ಫಾರಂ ನೀನೇ ಇಟ್ಕೋ. ನಿನ್ನ ಕ್ಷಮೆ ಬಾಯಲ್ಲಿ ಬೇಡ. ಕುರ್ಚಿ ಎತ್ತು."

"ಈಗ್ಲಾ ಕಾಕಿ? ಉಪವಾಸ ಇದ್ದೀನಿ."

"ನಾನೂ ಉಪವಾಸ ಇದ್ದೀನಿ."

ಅಧ್ಯಕ್ಷರು ಬಿಳಿ ಪಂಚೆ ಮೇಲೆ ಕಟ್ಟಿ, ಹೆಂಗಸರ ಕೋಣೆಯ ಕುರ್ಚಿ ಹೊತ್ತು ಹೊರಗೆ ಸಾಗಿಸತೊಡಗಿದರು. ನಾನು ಗೋಡೆಗೆ ಒರಗಿ ನಿಂತು ಕಣ್ತುಂಬ ನೋಡುತ್ತಿದ್ದೆ. ಕಾಕಿ ನನ್ನ ಕಡೆ ತಿರುಗಿದಳು.

"ನಿಮು, ನೀನೇನು ನೋಡ್ತಾ ನಿಂತಿದ್ದೀಯ? ಅವತ್ತು ಸಭೇಲಿ ನೀನೂ ನನ್ನ ಪಕ್ಕದಲ್ಲೇ ಕೂತಿದ್ದೆ. ಎತ್ತು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಪ್ರಭುಲಾಲನ ಹಿಂದೆ ಕೋಣೆಗೆ ಹೋದೆ.